ಪೇರೆಂಟ್ ಕೋಚ್ ತರಬೇತಿ: ಹನ್ನೆರಡು ವಾರಗಳ ಕಲಿಕೆ, ಎಂಟು ತಿಂಗಳ ಕೆಲಸ

ನನ್ನ ಪತಿ ಬ್ಯಾಂಕ್ ಉದ್ಯೋಗಿ. ಮೂರು ವರ್ಷಕ್ಕೊಮ್ಮೆ ವರ್ಗಾವಣೆಯಾಗುವ ಸಂಸಾರದಲ್ಲಿ ಹೆಂಡತಿಯ ಕೆಲಸ ಪ್ರತಿ ಸಲವೂ ಹಳೆಯ ಊರಿನಲ್ಲೇ ಉಳಿದುಬಿಡುತ್ತದೆ. ಕಾರವಾರದಲ್ಲಿ ಒಂದು, ಗದಗದಲ್ಲಿ ಇನ್ನೊಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದ ನಾನು, ಮೈಸೂರಿಗೆ ಬಂದ ಮೇಲೆ ಊರು ಬದಲಾದರೂ ಜೊತೆಗೆ ಬರುವಂಥ ಕೆಲಸವೊಂದನ್ನು ಹುಡುಕತೊಡಗಿದೆ. ಆಗ ಕಣ್ಣಿಗೆ ಬಿದ್ದದ್ದು ತರಬೇತಿ ಸಂಸ್ಥೆಯೊಂದು ಆನ್‌ಲೈನ್‌ನಲ್ಲಿ ನಡೆಸುವ ಪೇರೆಂಟ್ ಕೋಚ್ ಕೋರ್ಸ್, ಅಂದರೆ ಮಕ್ಕಳನ್ನು ಬೆಳೆಸುವುದರಲ್ಲಿ ತಂದೆ ತಾಯಂದಿರಿಗೆ ನೆರವಾಗುವವರನ್ನು ತಯಾರು ಮಾಡುವ ಕೋರ್ಸ್. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ, ಮನೆಯಿಂದಲೇ, ನಿಮ್ಮ ಅನುಕೂಲದಂತೆ ದುಡಿಯಬಹುದು ಎಂಬುದು ಅದರ ಜಾಹೀರಾತಿನ ಮುಖ್ಯ ಮಾತಾಗಿತ್ತು. ಶುಲ್ಕ 68,000 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿ 80,240 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕಟ್ಟಿದೆ. ಹನ್ನೆರಡು ವಾರ, ಶನಿವಾರ ಮತ್ತು ಭಾನುವಾರ ಎರಡೂವರೆ ಗಂಟೆಯಂತೆ ಒಟ್ಟು 60 ಗಂಟೆಗಳ ತರಗತಿ. ಮುಗಿದು ಎಂಟು ತಿಂಗಳಾಗಿರುವುದರಿಂದ ಕಲಿಕೆ ಮತ್ತು ಕೆಲಸ ಎರಡರ ಬಗ್ಗೆಯೂ ಬರೆಯಬಲ್ಲೆ.

ಮೊದಲಿಗೆ ಒಳ್ಳೆಯದನ್ನೇ ಹೇಳುತ್ತೇನೆ, ಏಕೆಂದರೆ ಅದು ನಿಜವಾಗಿಯೂ ಒಳ್ಳೆಯದಾಗಿತ್ತು. ಪ್ರತಿ ತರಗತಿಯ ಅರ್ಧ ಭಾಗ ಅಭ್ಯಾಸಕ್ಕೆ ಮೀಸಲು. ಮೂವರ ಗುಂಪಿನಲ್ಲಿ ಒಬ್ಬರು ಪೋಷಕರಾಗಿ ತಮ್ಮ ಮನೆಯ ನಿಜವಾದ ಸಮಸ್ಯೆಯೊಂದನ್ನು ಹೇಳಬೇಕು, ಒಬ್ಬರು ಕೋಚ್ ಆಗಬೇಕು, ಮೂರನೆಯವರು ಸುಮ್ಮನೆ ನೋಡಿ ಬರೆದುಕೊಳ್ಳಬೇಕು. ನನ್ನ ಮೊದಲ ಸರದಿಯ ನಂತರ, ನೋಡುತ್ತಿದ್ದ ಸಹಪಾಠಿ ತಮ್ಮ ಟಿಪ್ಪಣಿಯನ್ನು ಓದಿದರು: ಹದಿನೈದು ನಿಮಿಷದಲ್ಲಿ ಹನ್ನೊಂದು ನಿಮಿಷ ನಾನೇ ಮಾತನಾಡಿದ್ದೆ. ಪಾಠ ಹೇಳುವುದೇ ವೃತ್ತಿಯಾಗಿದ್ದ ನನಗೆ ಆ ಲೆಕ್ಕ ನಾಟಿತು.

ಮತ್ತೊಂದು ದಿನ ಹುಬ್ಬಳ್ಳಿಯ ಸಹಪಾಠಿಯೊಬ್ಬರು, ಹೋಮ್‌ವರ್ಕ್ ಮಾಡದ ಒಂಬತ್ತು ವರ್ಷದ ಮಗನಿಗೆ ಹಿಂದಿನ ರಾತ್ರಿ ಹೊಡೆದದ್ದನ್ನು ಹೇಳಿಕೊಂಡರು. 'ಯಾಕೆ ಹೊಡೆದಿರಿ?' ಎಂದು ಕೇಳಿದೆ. ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ತೊಡಗಿದರು. ತರಬೇತುದಾರರು ಮಾತು ತಡೆದು, ಅದೇ ಪ್ರಶ್ನೆಯನ್ನು 'ಯಾಕೆ' ಇಲ್ಲದೆ ಕೇಳಲು ಹೇಳಿದರು. 'ಕೈ ಎತ್ತುವ ಮುಂಚೆ ಏನಾಯಿತು?' ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, 'ನಮ್ಮ ಅತ್ತೆಯವರು ನೋಡ್ತಾ ನಿಂತಿದ್ರು' ಎಂದರು. ಆಮೇಲೆ ನಡೆದ ಮಾತುಕತೆಯಲ್ಲಿ ಹೋಮ್‌ವರ್ಕಿನ ಪ್ರಸ್ತಾಪವೇ ಬರಲಿಲ್ಲ. ಇದನ್ನು ಯಾವ ವಿಡಿಯೊ ನೋಡಿಯೂ ಕಲಿಯಲು ಸಾಧ್ಯವಿಲ್ಲ.

ಪಾಠದ ತಿರುಳೂ ಗಟ್ಟಿಯಾಗಿಯೇ ಇತ್ತು. ವಿಯೆನ್ನಾದ ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ಮತ್ತು ಅವರ ಹಾದಿಯಲ್ಲಿ ನಡೆದ ರುಡಾಲ್ಫ್ ಡ್ರೈಕರ್ಸ್, 1960ರ ದಶಕದಲ್ಲಿ ಪಾಲನೆಯ ಶೈಲಿಗಳನ್ನು ವಿಂಗಡಿಸಿದ ಡಯಾನಾ ಬಾಮ್‌ರಿಂಡ್, 1962ರಲ್ಲಿ ಅಮೆರಿಕದಲ್ಲಿ ಪೋಷಕರಿಗಾಗಿಯೇ ತರಗತಿಗಳನ್ನು ಆರಂಭಿಸಿದ ಥಾಮಸ್ ಗಾರ್ಡನ್, ಇವರೆಲ್ಲರ ವಿಚಾರಗಳನ್ನು ಅವಸರವಿಲ್ಲದೆ ಪರಿಚಯಿಸಿದರು. ಮಗುವನ್ನು ದೂರುವ ಬದಲು ತನಗೆ ಏನಾಗುತ್ತಿದೆ ಎಂಬುದನ್ನು ಪೋಷಕರು ಹೇಳಬೇಕೆಂಬುದು ಗಾರ್ಡನ್ ಅವರ ಪ್ರಸಿದ್ಧ ಸೂತ್ರ. ಇದನ್ನು ಕಲಿಸಲು ಇಂಗ್ಲಿಷಿನ ಒಂದು ವಾಕ್ಯವನ್ನು ಗಿಣಿಪಾಠದಂತೆ ಹೇಳಿಸುತ್ತಿದ್ದರು. ಆದರೆ 'ನನಗೆ ಭಯವಾಯಿತು', 'ನನಗೆ ಸಂಕಟವಾಯಿತು' ಎಂದು ಕನ್ನಡದ ತಾಯಿ ದಿನವೂ ಹೇಳುತ್ತಾಳೆ. 'ಎಲ್ಲಿಗೆ ಹೋಗಿದ್ದೆ' ಎಂದು ಗದರುವ ಮೊದಲು ಅದನ್ನು ಹೇಳಬೇಕು, ಅಷ್ಟೆ. ಕನ್ನಡದಲ್ಲಿ ಇಷ್ಟು ಸಲೀಸಾಗಿ ಬರುವುದನ್ನು ಪಠ್ಯ ಗಮನಿಸಿರಲಿಲ್ಲ. ಉದಾಹರಣೆಗಳಲ್ಲಿ ಬರುವ ಮನೆಗಳಲ್ಲಿಯೂ ತಂದೆ ತಾಯಿ ಇಬ್ಬರೇ ಇರುತ್ತಾರೆ, ಮಗುವಿಗೆ ಸ್ವಂತ ಕೋಣೆ ಇರುತ್ತದೆ. ಮೊಮ್ಮಗ ಅತ್ತ ಕೂಡಲೇ ಮೊಬೈಲ್ ಕೊಡುವ ಅಜ್ಜನೊಂದಿಗೆ ಹೇಗೆ ಮಾತನಾಡಬೇಕು ಎಂಬುದಕ್ಕೆ ಒಂದು ಪುಟವೂ ಇರಲಿಲ್ಲ. ಈ ಎಂಟು ತಿಂಗಳಲ್ಲಿ ನನ್ನ ಬಳಿ ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಅದನ್ನೇ.

ಇನ್ನು ವ್ಯವಹಾರದ ಮಾತು. ಇಪ್ಪತ್ತನಾಲ್ಕು ತರಗತಿಗಳಲ್ಲಿ ನಾಲ್ಕು 'ಬಿಸಿನೆಸ್' ಕುರಿತಾಗಿದ್ದವು ಮತ್ತು ಅವುಗಳ ಬಹುಪಾಲು ರೀಲ್ಸ್ ಮಾಡುವುದಕ್ಕೆ ಮೀಸಲಾಗಿತ್ತು. ನಮ್ಮ ಸ್ವಂತ ಮಕ್ಕಳ ಹಟ, ಅಳು, ಅಂಕಪಟ್ಟಿಯ ಕಥೆಗಳನ್ನು ಹೇಳಿದರೆ ಜನ ಬೇಗ ನಂಬುತ್ತಾರೆ ಎಂದು ಕಲಿಸಿದರು. ಅಭ್ಯಾಸಕ್ಕೆಂದು ಒಂದು ವಿಡಿಯೊ ಮಾಡಿ ಮನೆಯಲ್ಲಿ ತೋರಿಸಿದಾಗ ಏಳನೆಯ ತರಗತಿಯ ನನ್ನ ಮಗಳು, 'ಅಮ್ಮ, ನನ್ನ ವಿಷಯ ಹೇಳ್ಬೇಡ' ಎಂದಳು. ಅದನ್ನು ಅಳಿಸಿಹಾಕಿದೆ. ಮಗುವಿನ ಮರ್ಯಾದೆ ಕಾಯುವುದನ್ನು ಕಲಿಸುವ ಕೋರ್ಸ್ ಇಂಥ ಸಲಹೆ ಕೊಡುವುದು ತಪ್ಪು ಎಂದು ಸಂಸ್ಥೆಗೆ ಬರೆದು ತಿಳಿಸಿದ್ದೇನೆ.

ಲೆಕ್ಕ ಹೀಗಿದೆ. ಎಂಟು ತಿಂಗಳಲ್ಲಿ ಹಣ ಕೊಟ್ಟು ಬಂದದ್ದು ಹನ್ನೊಂದು ಕುಟುಂಬಗಳು. ಏಳು ಕುಟುಂಬಗಳು ಆರು ಭೇಟಿಗಳಿಗೆ 4,500 ರೂಪಾಯಿಯಂತೆ, ನಾಲ್ಕು ಕುಟುಂಬಗಳು ಒಂದೇ ಭೇಟಿಗೆ 800 ರೂಪಾಯಿಯಂತೆ ಕೊಟ್ಟಿವೆ. ಒಟ್ಟು 34,700 ರೂಪಾಯಿ. ಕಟ್ಟಿದ ಶುಲ್ಕದ ಅರ್ಧಕ್ಕಿಂತ ಕಡಿಮೆ. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಪರಿಚಯದವರ ಮೂಲಕ ಬಂದವರು. ನಮ್ಮಲ್ಲಿ ಕೋಚಿಂಗ್ ಎಂದರೆ ಸಿಇಟಿ, ನೀಟ್ ಎಂದೇ ಜನರ ತಿಳಿವಳಿಕೆಯಾದ್ದರಿಂದ, ಮಗುವಿಗಲ್ಲ ನಿಮಗೆ ಎಂದು ವಿವರಿಸುವುದರಲ್ಲೇ ಮೊದಲ ಫೋನ್ ಕರೆ ಮುಗಿಯುತ್ತಿತ್ತು.

ಅನುಕೂಲದ ಸಮಯ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ತಂದೆ ತಾಯಂದಿರಿಗೆ ಬಿಡುವಾಗುವುದು ರಾತ್ರಿ ಎಂಟೂವರೆಯ ನಂತರ ಅಥವಾ ಭಾನುವಾರ ಬೆಳಿಗ್ಗೆ. ನನ್ನ ಮಕ್ಕಳಿಗೆ ನಾನು ಬೇಕಾಗುವುದೂ ಅದೇ ಹೊತ್ತಿಗೆ. ಶಾಲೆಯ ವೇಳೆಯಲ್ಲಿ ಬಂದವರು ಎರಡೇ ಕುಟುಂಬ. ಅದರಲ್ಲಿ ಒಂದು ಲಂಡನ್ನಿನಲ್ಲಿರುವ ಧಾರವಾಡದ ದಂಪತಿ, ಅವರ ಬೆಳಗಿನ ಒಂಬತ್ತು ಗಂಟೆ ನನಗೆ ಮಧ್ಯಾಹ್ನವಾಗುವುದರಿಂದ ಸರಿಹೋಯಿತು. ಈಗ ಮಂಗಳವಾರ ಮತ್ತು ಗುರುವಾರ ರಾತ್ರಿ ಮಾತ್ರ ಎಂದು ನಿಗದಿ ಮಾಡಿಕೊಂಡಿದ್ದೇನೆ. ಅದಕ್ಕಿಂತ ಹೆಚ್ಚು ಮಾಡಿದರೆ ನನ್ನ ಮನೆಯ ಊಟದ ಹೊತ್ತು ತಪ್ಪುತ್ತದೆ.

ಪ್ರಮಾಣಪತ್ರದ ವಿಷಯದಲ್ಲಿಯೂ ಎಚ್ಚರ ಬೇಕು. 'ಅಂತರರಾಷ್ಟ್ರೀಯ ಮಾನ್ಯತೆ' ಎಂಬ ಮಾತನ್ನು ನಾನು ಅರ್ಥ ಮಾಡಿಕೊಂಡದ್ದೇ ಬೇರೆ. ಕೈಗೆ ಬಂದದ್ದು ಸಂಸ್ಥೆಯದೇ ಪ್ರಮಾಣಪತ್ರ. ಕೋಚ್‌ಗಳಿಗೆ ಜಾಗತಿಕ ಮಟ್ಟದಲ್ಲಿ ಅರ್ಹತೆ ನೀಡುವ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ನಿನ ಮೊದಲ ಹಂತದ ಅರ್ಹತೆಗೆ 60 ಗಂಟೆಗಳ ತರಬೇತಿಯೊಂದೇ ಸಾಲದು. 100 ಗಂಟೆಗಳ ಕೋಚಿಂಗ್ ಅನುಭವ, 10 ಗಂಟೆಗಳ ಮೆಂಟರ್ ಮಾರ್ಗದರ್ಶನ ಮತ್ತು ಪರೀಕ್ಷೆಯೂ ಬೇಕು, ಅದರ ಖರ್ಚು ಪ್ರತ್ಯೇಕ. ಭಾರತದಲ್ಲಿ ಪೇರೆಂಟ್ ಕೋಚ್ ಎಂದು ಬೋರ್ಡ್ ಹಾಕಲು ಯಾವ ಪರವಾನಗಿಯೂ ಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಮಾತ್ರ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಕಡ್ಡಾಯ.

ಬಾಗಿಲು ಹೀಗೆ ತೆರೆದಿರುವುದರಿಂದಲೇ ನಮ್ಮ ಮಿತಿ ಎಲ್ಲಿದೆ ಎಂಬುದನ್ನು ಕಲಿಸಬೇಕಿತ್ತು. ಮೂರು ವರ್ಷದ ಮಗು ನಾಲ್ಕೈದು ಪದಗಳನ್ನಷ್ಟೇ ಆಡುತ್ತಿದೆ, ಟಿವಿ ಬಿಡಿಸುವುದು ಹೇಗೆ ಎಂದು ಕೇಳಿಕೊಂಡು ಒಬ್ಬ ತಾಯಿ ಬಂದಿದ್ದರು. ನಾನು ಭೇಟಿಯನ್ನು ಅಲ್ಲಿಗೇ ನಿಲ್ಲಿಸಿ, ಹಣ ಪಡೆಯದೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಕರೆದೊಯ್ಯಲು ಹೇಳಿದೆ. ಮೈಸೂರಿನಲ್ಲಿದ್ದೆನಾದ್ದರಿಂದ ಅದು ನನಗೆ ಹೊಳೆಯಿತು. ತರಗತಿಯಲ್ಲಿ ಅಂಥ ಸಂಸ್ಥೆಗಳ ಹೆಸರಾಗಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯಾಗಲಿ ಒಮ್ಮೆಯೂ ಬರಲಿಲ್ಲ. ಪೋಷಕರು ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ ಎಂದು ಭರವಸೆ ಕೊಡಿ ಎಂದೂ ಕಲಿಸಿದರು. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಂ ಹೇಳುತ್ತದೆ. ಗುಟ್ಟಿನ ಆ ಭರವಸೆಯನ್ನು ನಾನು ಪ್ರಶ್ನಿಸಿದಾಗ 'ಮುಂದೆ ನೋಡೋಣ' ಎಂಬ ಉತ್ತರ ಬಂತು. ಈಗ ನನ್ನ ಒಪ್ಪಂದ ಪತ್ರದ ಮೊದಲ ಸಾಲಿನಲ್ಲೇ, ಇಂಥ ಸಂದರ್ಭದಲ್ಲಿ ಗುಟ್ಟು ಕಾಯಲಾಗುವುದಿಲ್ಲ ಎಂಬ ವಿನಾಯಿತಿಯನ್ನು ಬರೆದಿದ್ದೇನೆ.

ಕೇಳಿಸಿಕೊಳ್ಳುವುದನ್ನು ಕಲಿಯಬೇಕೆನ್ನುವ ಶಿಕ್ಷಕರಿಗೆ, ಅಂಗನವಾಡಿ ಅಥವಾ ಆಪ್ತ ಸಮಾಲೋಚನೆಯ ಹಿನ್ನೆಲೆ ಇದ್ದವರಿಗೆ ನಾನು ಈ ಕೋರ್ಸನ್ನು ಹೇಳುತ್ತೇನೆ. ಮನೆಯ ಇಎಂಐ ಕಟ್ಟುವಷ್ಟು ಆದಾಯವನ್ನು ಮೊದಲ ವರ್ಷವೇ ನಿರೀಕ್ಷಿಸುವವರಿಗೆ ಹೇಳುವುದಿಲ್ಲ. ನನ್ನ ಪತ್ರಕ್ಕೆ ಸಂಸ್ಥೆಯವರು ಸೌಜನ್ಯದಿಂದಲೇ ಉತ್ತರಿಸಿ, ಕಾನೂನು ಮತ್ತು ತಜ್ಞರ ಬಳಿಗೆ ಕಳುಹಿಸುವ ಕ್ರಮದ ಕುರಿತು ಎರಡು ತರಗತಿಗಳನ್ನು ಸೇರಿಸುವುದಾಗಿ ತಿಳಿಸಿದರು. ಕಳೆದ ವಾರ ಹೊಸ ಬ್ಯಾಚಿನ ವೇಳಾಪಟ್ಟಿ ತರಿಸಿಕೊಂಡು ನೋಡಿದೆ. ರೀಲ್ಸ್ ತರಗತಿಗಳು ಹಾಗೆಯೇ ಇವೆ. ಆ ಎರಡು ಇನ್ನೂ ಸೇರಿಲ್ಲ.