ಕಫದ ಸ್ಲೈಡ್‌ಗೆ ಯಾವುದು, ಅಂಗಾಂಶಕ್ಕೆ ಯಾವುದು? ಮೂರು ಪ್ರತಿದೀಪ್ತಿ ಸೂಕ್ಷ್ಮದರ್ಶಕಗಳ ಹೋಲಿಕೆ
ಕೋಲಾರದ ನಮ್ಮ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕ್ಷಯದ ಪತ್ತೆಗೆ ಬಳಸುವುದು ಎಲ್‌ಇಡಿ ಪ್ರತಿದೀಪ್ತಿ ಸೂಕ್ಷ್ಮದರ್ಶಕವನ್ನು, ಅಂದರೆ ಎಲ್‌ಇಡಿ ಬೆಳಕು ಬಿದ್ದಾಗ ಹೊಳೆಯುವ ಬಣ್ಣದ ಮೂಲಕ ಮಾದರಿಯನ್ನು ತೋರಿಸುವ ಯಂತ್ರವನ್ನು. ಅಲ್ಲಿ ನೋಡಿದ ಮಾದರಿಗಳನ್ನೇ ಬೆಂಗಳೂರಿಗೆ ಒಯ್ದು, ಲೇಸರ್ ಸ್ಕ್ಯಾನಿಂಗ್ ಕನ್‌ಫೋಕಲ್ ಮತ್ತು ಸ್ಪಿನ್ನಿಂಗ್ ಡಿಸ್ಕ್ ಕನ್‌ಫೋಕಲ್ ಯಂತ್ರಗಳಲ್ಲಿಯೂ (ಕನ್‌ಫೋಕಲ್ ಎಂದರೆ ಒಂದು ಪದರದ ಬೆಳಕನ್ನಷ್ಟೇ ಆಯ್ದು ಚಿತ್ರ ತೆಗೆಯುವುದು) ಪರೀಕ್ಷಿಸಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಕಫದ ಸ್ಲೈಡ್‌ಗೆ ಕನ್‌ಫೋಕಲ್ ಬೇಕಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ತೆಳುವಾಗಿ ಹರಡಿದ ಲೇಪದಲ್ಲಿ ಮಸುಕು ಮಾಡುವಂತಹ ಮೇಲಿನ, ಕೆಳಗಿನ ಪದರಗಳೇ ಇರುವುದಿಲ್ಲ. ಆರಮಿನ್ ಎಂಬ ಪ್ರತಿದೀಪ್ತ ಬಣ್ಣ ಹಿಡಿದ ಕ್ಷಯದ ಬ್ಯಾಕ್ಟೀರಿಯಗಳು ಎಲ್‌ಇಡಿಯ ನೀಲಿ ಬೆಳಕಿನಲ್ಲಿ, ಕಪ್ಪು ಹಿನ್ನೆಲೆಯ ಮೇಲೆ ಹಳದಿ-ಹಸಿರು ಕಡ್ಡಿಗಳಾಗಿ ಕಾಣುತ್ತವೆ. ಕಡಿಮೆ ವರ್ಧನೆಯಲ್ಲಿ ವಿಶಾಲ ಕ್ಷೇತ್ರವನ್ನು ಬೇಗನೆ ನೋಡಿ ಮುಗಿಸಬಹುದು. ಕನ್‌ಫೋಕಲ್‌ನಲ್ಲಿ ಸಾಮಾನ್ಯವಾಗಿರುವ 488 ನ್ಯಾನೊಮೀಟರ್ ಲೇಸರ್ ಆರಮಿನ್‌ಗೆ ಅಷ್ಟಾಗಿ ಹೊಂದುವುದೂ ಇಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎಲ್‌ಇಡಿ ಸೂಕ್ಷ್ಮದರ್ಶಕವನ್ನೇ ಶಿಫಾರಸು ಮಾಡಿದ್ದು ಸರಿಯಾದ ನಿರ್ಧಾರ.

ದುಗ್ಧಗ್ರಂಥಿಯ ದಪ್ಪ ತುಂಡಿನಲ್ಲಿ ಮಾತ್ರ ಚಿತ್ರವೇ ಬೇರೆ. ಎಲ್‌ಇಡಿ ಯಂತ್ರದಲ್ಲಿ ಎಲ್ಲ ಪದರಗಳ ಬೆಳಕೂ ಬೆರೆತು ಬರಿಯ ಹಸಿರು ಮಬ್ಬು ಕಂಡರೆ, ಲೇಸರ್ ಸ್ಕ್ಯಾನಿಂಗ್ ಯಂತ್ರವು ಬಿಂದುವಿನಿಂದ ಬಿಂದುವಿಗೆ ಸಾಗುತ್ತಾ, ನಾಭಿಯಿಂದಾಚೆಯ (ಫೋಕಸ್‌ನ ಹೊರಗಿನ) ಬೆಳಕನ್ನು ಸೂಜಿರಂಧ್ರದಲ್ಲಿಯೇ ತಡೆದು, ಪದರ ಪದರವಾಗಿ ಚಿತ್ರ ತೆಗೆಯುತ್ತದೆ. ಅಮೆರಿಕದ ವಿಜ್ಞಾನಿ ಮಾರ್ವಿನ್ ಮಿನ್ಸ್‌ಕಿ 1957ರಲ್ಲಿ ಪೇಟೆಂಟ್‌ಗೆ ಸಲ್ಲಿಸಿದ ಈ ತತ್ತ್ವದ ಬೆಲೆ, ಬ್ಯಾಕ್ಟೀರಿಯವು ಕೋಶದ ಒಳಗಿದೆಯೋ ಮೇಲೆ ಅಂಟಿದೆಯೋ ಎಂಬ ಪ್ರಶ್ನೆ ಎದುರಾದಾಗಲೇ ತಿಳಿಯುವುದು. ಆದರೆ ಒಂದು ಪದರದ ಚಿತ್ರ ತೆಗೆಯುವಾಗಲೂ ಲೇಸರ್ ಇಡೀ ದಪ್ಪವನ್ನು ಹಾದುಹೋಗುವುದರಿಂದ, ಕೊನೆಯ ಪದರವನ್ನು ತಲುಪುವ ಹೊತ್ತಿಗೆ ಬಣ್ಣ ಗಣನೀಯವಾಗಿ ಮಾಸಿರುತ್ತದೆ. ಲೇಸರ್ ಶಕ್ತಿಯನ್ನು ತಗ್ಗಿಸಿ, ಪದರಗಳ ಸಂಖ್ಯೆಯನ್ನು ಮಿತಿಗೊಳಿಸಿದಾಗ ನಮಗೆ ಉತ್ತಮ ಫಲಿತಾಂಶ ದೊರೆಯಿತು.

ಸ್ಪಿನ್ನಿಂಗ್ ಡಿಸ್ಕ್‌ನಲ್ಲಿ ತಿರುಗುವ ತಟ್ಟೆಯ ನೂರಾರು ರಂಧ್ರಗಳು ಏಕಕಾಲಕ್ಕೆ ಕೆಲಸ ಮಾಡುತ್ತವೆ; ಚಿತ್ರವನ್ನು ಕ್ಯಾಮೆರಾ ಒಮ್ಮೆಲೇ ಹಿಡಿಯುತ್ತದೆ. ದಪ್ಪ ಅಂಗಾಂಶದಲ್ಲಿ ಪಕ್ಕದ ರಂಧ್ರಗಳ ಮೂಲಕ ಬೆಳಕು ನುಸುಳುವುದರಿಂದ ಅಲ್ಲಿ ಇದು ಎರಡನೆಯ ಆಯ್ಕೆಯಷ್ಟೆ. ಜೀವಂತ ಭಕ್ಷಕ ಕೋಶವು ಕ್ಷಯದ ಲಸಿಕೆಯಲ್ಲಿರುವ ಬಿಸಿಜಿ ಬ್ಯಾಕ್ಟೀರಿಯವನ್ನು ನುಂಗುವುದನ್ನು ನೋಡಬೇಕಾದರೆ ಮಾತ್ರ ನಾನು ಇದನ್ನೇ ಆರಿಸುತ್ತೇನೆ, ಏಕೆಂದರೆ ಲೇಸರ್ ಸ್ಕ್ಯಾನಿಂಗ್ ಯಂತ್ರವು ಒಂದು ಚೌಕಟ್ಟನ್ನು ಪೂರ್ತಿಗೊಳಿಸುವಷ್ಟರಲ್ಲಿ ಆ ಕೋಶ ಆಕಾರವನ್ನು ಬದಲಿಸಿರುತ್ತದೆ.