ಬೇಯಿಸದೆ ಕಟ್ಟುವ ಉಂಡೆಗೆ ಅಂಗಡಿಯ ರಾಗಿ ಹುರಿಹಿಟ್ಟು: ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ

ಮೊದಲೇ ಹೇಳಿಬಿಡುತ್ತೇನೆ, ಹಿಟ್ಟು ತುಂಬಾ ಚೆನ್ನಾಗಿದೆ. ಬೆಂಗಳೂರಿನ ದಕ್ಷಿಣ ಭಾಗದ ಒಂದು ಕಾಂಡಿಮೆಂಟ್ಸ್ ಅಂಗಡಿಯವರು ತಾವೇ ಮಾಡಿ ಅರ್ಧ ಕೆಜಿ ಪ್ಯಾಕೆಟ್‌ನಲ್ಲಿ ಮಾರುವ ರಾಗಿ ಹುರಿಹಿಟ್ಟು ಇದು. ಚಟ್ನಿಪುಡಿ, ಸಂಡಿಗೆ, ಹಪ್ಪಳದ ಕಟ್ಟುಗಳ ಪಕ್ಕ ಕೆಳಗಿನ ಶೆಲ್ಫಿನಲ್ಲಿ ಇಟ್ಟಿರುತ್ತಾರೆ, ಕೇಳದೇ ಇದ್ದರೆ ಕಣ್ಣಿಗೇ ಬೀಳುವುದಿಲ್ಲ. ಮನೆಯಲ್ಲಿ ಪಥ್ಯದವರಿದ್ದು, ಅವರಿಗೂ ಏನಾದರೂ ಸಿಹಿ ಮಾಡಿಕೊಡಬೇಕು ಅಂತ ಒದ್ದಾಡುವವರು ಈ ಹಿಟ್ಟನ್ನು ಒಮ್ಮೆ ನೋಡಲೇಬೇಕು. ಆದರೆ ಕೆಲವು ವಿಷಯ ವಿಚಾರಿಸಿಕೊಂಡೇ ಕೊಳ್ಳಬೇಕು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಅಪ್ಪನಿಗೆ ಶುಗರ್. ಅಕ್ಕನ ಮಗಳಿಗೆ ಸೀಲಿಯಾಕ್, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಕರುಳಿಗೆ ಆಗದ ಕಾಯಿಲೆ. ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಕೂಡದು. ಅತ್ತಿಗೆಗೆ ಹಾಲು ಆಗುವುದಿಲ್ಲ. ಹಬ್ಬ ಬಂದರೆ ಮೂವರೂ ಒಂದೇ ತಟ್ಟೆಯಿಂದ ತೆಗೆದುಕೊಂಡು ತಿನ್ನುವಂಥ ಸಿಹಿ ಬೇಕು ಅನ್ನುವುದು ನನ್ನ ಆಸೆ. ಬೇಯಿಸದೆ ಮಾಡುವ ಸಿಹಿ ಅಂತ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಬರೋದೆಲ್ಲ ಓಟ್ಸ್, ಬಾದಾಮಿ ಬೆಣ್ಣೆ, ಮೇಪಲ್ ಸಿರಪ್. ಓಟ್ಸ್‌ಗೆ ಹೊಲದಲ್ಲೋ ಗಿರಣಿಯಲ್ಲೋ ಗೋಧಿ ಬೆರೆತಿರುವುದು ಸಾಮಾನ್ಯ, ಹಾಗಾಗಿ ಗ್ಲುಟೆನ್ ಫ್ರೀ ಅಂತ ಬರೆಯದ ಓಟ್ಸ್ ಅನ್ನು ಮಗುವಿಗೆ ಕೊಡಲು ಆಗುವುದಿಲ್ಲ. ಬರೆದಿದ್ದನ್ನು ತರೋಣ ಅಂದರೆ ಬೆಲೆ ಕೇಳಲೇಬೇಡಿ. ಬೇಯಿಸದ ಸಿಹಿ ನಮಗೇನು ಹೊಸದಲ್ಲವಲ್ಲ. ನಾಗರ ಪಂಚಮಿಗೆ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡುತ್ತೇವೆ, ತಂಬಿಟ್ಟು ಕಟ್ಟುತ್ತೇವೆ. ಆ ಸಾಲಿಗೆ ಸೇರುವ ಹಿಟ್ಟೇ ಹುರಿಹಿಟ್ಟು.

ಇದು ಮಾಮೂಲಿ ರಾಗಿ ಹಿಟ್ಟಲ್ಲ, ಅಂಗಡಿಯಲ್ಲಿ ಕೇಳುವಾಗ ಸರಿಯಾಗಿ ಹೇಳಿ. ರಾಗಿಗೆ ನೀರು ಚಿಮುಕಿಸಿ, ಕೆಲವು ಗಂಟೆ ಮುಚ್ಚಿಟ್ಟು, ಚೆನ್ನಾಗಿ ಕಾದ ಬಾಣಲೆಯಲ್ಲಿ ಹಿಡಿ ಹಿಡಿಯಾಗಿ ಹಾಕಿ ಹುರಿಯುತ್ತಾರೆ. ಕಾಳಿನ ಒಳಗಿನ ತೇವ ಆವಿಯಾಗಿ ಕಾಳು ಸಿಡಿದು ಬೆಳ್ಳಗೆ ಅರಳುತ್ತದೆ. ಆ ಅರಳನ್ನು ಬೀಸಿ ಜರಡಿ ಹಿಡಿದರೆ ಹುರಿಹಿಟ್ಟು. ಅಂದರೆ ಹಿಟ್ಟು ಆಗಲೇ ಬೆಂದಿರುತ್ತದೆ. ಹಸಿ ಹಿಟ್ಟಿನಲ್ಲಿ ಉಂಡೆ ಕಟ್ಟಿದರೆ ಹಸಿ ವಾಸನೆಯೂ ಹೋಗುವುದಿಲ್ಲ, ಹೊಟ್ಟೆಗೂ ಒಳ್ಳೆಯದಲ್ಲ, ಹಸಿ ಹಿಟ್ಟಿನಲ್ಲಿ ರೋಗಾಣು ಇರಬಹುದು. ಹುರಿಹಿಟ್ಟಿಗೆ ಆ ತಾಪತ್ರಯ ಇಲ್ಲ. ಹಳೇ ಮೈಸೂರು ಕಡೆ ಬೆಲ್ಲ, ಕಾಯಿತುರಿ ಹಾಕಿ ಹಾಗೇ ಕಲೆಸಿ ತಿನ್ನುತ್ತಿದ್ದದ್ದು ಇದನ್ನೇ.

ಈ ಪ್ಯಾಕೆಟ್ಟಿನ ಹಿಟ್ಟು ಹೇಗಿದೆ ಅಂದರೆ, ಕವರ್ ಕತ್ತರಿಸಿದ ತಕ್ಷಣ ಆಗತಾನೇ ಹುರಿದ ಘಮ ಬರುತ್ತದೆ. ಬಣ್ಣ ಹಸಿ ರಾಗಿ ಹಿಟ್ಟಿಗಿಂತ ತಿಳಿ, ನಡುನಡುವೆ ಸಿಪ್ಪೆಯ ಸಣ್ಣ ಕಪ್ಪು ಚುಕ್ಕೆ. ಒಂದು ಚಿಟಿಕೆ ನಾಲಿಗೆ ಮೇಲೆ ಇಟ್ಟುಕೊಳ್ಳಿ. ಹಸಿ ಹಿಟ್ಟು ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಇದು ಹಾಗೇ ಕರಗುತ್ತದೆ. ಎರಡು ಬೆರಳಿನ ನಡುವೆ ಉಜ್ಜಿದರೆ ನುಣ್ಣಗೆ ಜಾರುತ್ತದೆ. ಹಲ್ಲಿಗೆ ಮರಳು ಸಿಗಲಿಲ್ಲ, ಇದು ದೊಡ್ಡ ವಿಷಯ. ಮರಳಿನಲ್ಲಿ ಹುರಿಯುವ ಪದ್ಧತಿಯೂ ಇದೆ, ಜರಡಿ ಸರಿಯಾಗಿ ಹಿಡಿಯದಿದ್ದರೆ ಒಂದೇ ಒಂದು ಕಣ ಹಲ್ಲಿಗೆ ಸಿಕ್ಕಿದರೂ ಮಕ್ಕಳು ಮತ್ತೆ ಮುಟ್ಟುವುದಿಲ್ಲ. ಬೇರೆ ಕಡೆ ಕೊಂಡ ಒಂದು ಪ್ಯಾಕೆಟ್‌ನಲ್ಲಿ ಹಾಗೆ ಆಗಿತ್ತು. ಇನ್ನೊಂದು ಕಡೆಯದ್ದರಲ್ಲಿ ಹುರಿಗಡಲೆ, ಗೋಧಿ, ಸಕ್ಕರೆ ಎಲ್ಲ ಸೇರಿಸಿದ್ದರು. ಗೋಧಿ ಇರುವುದು ಹಿಂದುಗಡೆ ಸಣ್ಣ ಅಕ್ಷರದಲ್ಲಿ ಮಾತ್ರ ಇತ್ತು. ದಯವಿಟ್ಟು ಹಿಂದುಗಡೆ ಓದಿ. ನಾನು ಹೇಳುತ್ತಿರುವ ಅಂಗಡಿಯದ್ದರಲ್ಲಿ ರಾಗಿ ಒಂದೇ, ಮತ್ತೇನೂ ಇಲ್ಲ.

ಉಂಡೆ ಹೀಗೆ ಕಟ್ಟುತ್ತೇನೆ. ಒಂದು ಲೋಟ ಹುರಿಹಿಟ್ಟಿಗೆ ಬೀಜ ತೆಗೆದ ಮೆತ್ತನೆ ಖರ್ಜೂರ ಎಂಟು ಹತ್ತು, ಕೊಬ್ಬರಿ ತುರಿ ಅರ್ಧ ಲೋಟ, ಹುರಿದ ಎಳ್ಳು ಎರಡು ಚಮಚ, ಏಲಕ್ಕಿ, ಒಂದು ಚಿಟಿಕೆ ಉಪ್ಪು, ಕೊಬ್ಬರಿ ಎಣ್ಣೆ ಎರಡು ಚಮಚ. ಉಪ್ಪು ಬಿಡಬೇಡಿ, ಸಿಹಿ ಕಡಿಮೆ ಇದ್ದರೂ ರುಚಿ ಎದ್ದು ಬರೋದು ಅದರಿಂದಲೇ. ಖರ್ಜೂರಕ್ಕೆ ನಾನು ಕಿಮಿಯಾ ತರುತ್ತೇನೆ, ಇರಾನಿನದು, ಕಪ್ಪಗೆ ಮೆತ್ತಗೆ ಇರುತ್ತದೆ, ನೆನೆಸುವ ಕೆಲಸವೇ ಇಲ್ಲ. ರಂಜಾನ್ ಹೊತ್ತಿನಲ್ಲಿ ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಹೋದರೆ ರುಚಿ ನೋಡಿ ಆರಿಸಬಹುದು. ಒಣ ಉತ್ತತ್ತಿ ಇದಕ್ಕೆ ಬೇಡ, ಮಿಕ್ಸಿ ಬ್ಲೇಡ್ ತಿರುಗುವುದಿಲ್ಲ, ನೆನೆಸಿದರೆ ನೀರು ಸೇರುತ್ತದೆ, ನೀರು ಸೇರಿದ ಉಂಡೆ ಬೇಗ ಹುಳಿ ಬರುತ್ತದೆ.

ಖರ್ಜೂರವನ್ನು ಚಟ್ನಿ ಜಾರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಮಿಕ್ಕಿದ್ದೆಲ್ಲ ಸೇರಿಸಿ ಕೈಯಲ್ಲಿ ಚೆನ್ನಾಗಿ ನಾದಬೇಕು. ಈ ಹಿಟ್ಟಿನ ಗುಣ ಗೊತ್ತಿರಲಿ, ಇದು ತೇವವನ್ನು ನಿಧಾನಕ್ಕೆ ಕುಡಿಯುತ್ತದೆ. ಮೊದಲು ಕೈಗೆ ಅಂಟುತ್ತದೆ, ಹಿಟ್ಟು ಸಾಲದು ಅನ್ನಿಸುತ್ತದೆ, ಆಗ ಹಿಟ್ಟು ಸುರಿದರೆ ಉಂಡೆ ಆಮೇಲೆ ಒಣಗಿ ಬಿರುಕು ಬಿಟ್ಟು ಪುಡಿಯಾಗುತ್ತದೆ. ಸುಮ್ನೆ ಹತ್ತು ನಿಮಿಷ ಮುಚ್ಚಿಡಿ. ತಾನೇ ಹದಕ್ಕೆ ಬರುತ್ತದೆ, ಮುಷ್ಟಿಯಲ್ಲಿ ಒತ್ತಿದರೆ ಬೆರಳಿನ ಗುರುತು ಹಾಗೇ ನಿಲ್ಲುತ್ತದೆ. ಆಗ ಕಟ್ಟಿ. ಕೊಬ್ಬರಿ ಹೊಸದಿರಬೇಕು, ಕಮಟು ವಾಸನೆ ಬಂದ ಕೊಬ್ಬರಿ ಒಂದು ಚೂರು ಸೇರಿದರೂ ಇಡೀ ಡಬ್ಬಿ ಹಾಳು. ಹಸಿ ಕಾಯಿತುರಿ ಹಾಕಿದರೆ ಅವತ್ತೇ ತಿಂದು ಮುಗಿಸಬೇಕು. ಕಿಮಿಯಾದಲ್ಲಿ ತೇವ ಜಾಸ್ತಿ, ಆದ್ದರಿಂದ ಉಂಡೆಯನ್ನು ಫ್ರಿಜ್ಜಿನಲ್ಲೇ ಇಡಿ.

ಇದರಲ್ಲಿ ಹಾಲಿಲ್ಲ, ತುಪ್ಪ ಇಲ್ಲ, ಬಾದಾಮಿ ಗೋಡಂಬಿ ಇಲ್ಲ, ಶೇಂಗಾ ಇಲ್ಲ. ಹಾಲು ಆಗದವರು ತಿನ್ನಬಹುದು, ಗೋಡಂಬಿ ಅಲರ್ಜಿ ಇರುವ ಮಕ್ಕಳ ಟಿಫಿನ್ ಡಬ್ಬಿಗೂ ಹಾಕಬಹುದು. ಎಳ್ಳಿಗೂ ಅಲರ್ಜಿ ಇರುವವರಿದ್ದಾರೆ, ಅವರಿಗೆ ಎಳ್ಳಿನ ಬದಲು ಕುಂಬಳ ಬೀಜ ಕುಟ್ಟಿ ಹಾಕಿ.

ಈಗ ಸೀಲಿಯಾಕ್ ವಿಷಯ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಅದು ನಿಜ. ಆದರೆ ಬೀಸಿದ್ದು ಎಲ್ಲಿ ಅನ್ನುವುದೇ ಮುಖ್ಯ. ಅಂಗಡಿಯಲ್ಲಿ ವಿಚಾರಿಸಿದೆ. "ನಮ್ಮದೇ ಮೆಷಿನ್, ಗೋಧಿನೂ ಅದರಲ್ಲೇ ಬೀಸೋದು" ಅಂತ ಅಲ್ಲಿಯ ಹುಡುಗ ಮುಚ್ಚುಮರೆ ಇಲ್ಲದೆ ಹೇಳಿದ. ಹಾಗೆ ಹೇಳಿದ್ದಕ್ಕೆ ಅವನ ಮೇಲೆ ನನಗೆ ತುಂಬಾ ಗೌರವ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಒಂದು ಕೆಜಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಆ ಲೆಕ್ಕ ಉಳಿಯುತ್ತೆ ಅಂತ ನಂಬುವುದು ಹೇಗೆ? ಸೀಲಿಯಾಕ್‌ಗೆ ಗ್ಲುಟೆನ್ ಪೂರ್ತಿ ಬಿಡುವುದೇ ಚಿಕಿತ್ಸೆ, ಸ್ವಲ್ಪ ತಿಂದರೆ ಏನಾಗುತ್ತೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಹಾಗಾಗಿ ನಮ್ಮ ಮನೆಯ ಮಗುವಿಗೆ ಈ ಪ್ಯಾಕೆಟ್ ಇಲ್ಲ. ಅವಳಿಗೆ ರಾಗಿ ಕಾಳು ತಂದು, ಕಲ್ಲು ಕಡ್ಡಿ ಬೇರೆ ಕಾಳು ಎಲ್ಲ ಆರಿಸಿ, ತೊಳೆದು, ನೀರು ಬಸಿದು ರಾತ್ರಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಬೆಳಗ್ಗೆ ಮೇಲಿನ ತೇವ ಆರುವವರೆಗೆ ನೆರಳಲ್ಲಿ ಹರಡಿ, ಕಬ್ಬಿಣದ ಬಾಣಲೆಯಲ್ಲಿ ಮನೆಯಲ್ಲೇ ಅರಳಿಸುತ್ತೇನೆ. ಬಾಣಲೆ ಸಾಕಷ್ಟು ಕಾದಿರದಿದ್ದರೆ ಕಾಳು ಅರಳುವುದಿಲ್ಲ, ಸುಮ್ನೆ ಕಪ್ಪಾಗುತ್ತದೆ. ಎಲ್ಲವೂ ಅರಳುವುದಿಲ್ಲ, ಪರವಾಗಿಲ್ಲ. ಗೋಧಿ ಮುಟ್ಟದ ಜಾರ್ ಒಂದನ್ನು ಅವಳಿಗೇ ಅಂತ ಇಟ್ಟಿದ್ದೇವೆ. ಕೆಲಸ ಜಾಸ್ತಿ, ಆದರೆ ಅವಳು ಎಲ್ಲರ ಜೊತೆ ಕೂತು ತಿನ್ನುತ್ತಾಳೆ.

ಇನ್ನು ಶುಗರ್ ಇರುವವರು. ಅದೇ ಅಂಗಡಿಯಲ್ಲಿ ರೆಡಿ ಉಂಡೆಯೂ ಸಿಗುತ್ತದೆ, ಖರ್ಜೂರ ಹಾಕಿ ಕಟ್ಟಿದ್ದು. ಡಬ್ಬಿ ಮೇಲೆ ‘ಶುಗರ್ ಫ್ರೀ’ ಅಂತ ಚೀಟಿ. ಇದು ನನಗೆ ಒಂಚೂರೂ ಹಿಡಿಸಲಿಲ್ಲ, ಅವರಿಗೂ ಹೇಳಿದ್ದೇನೆ. ಶುಗರ್ ಫ್ರೀ ಅನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ ಅಂಶ 0.5 ಗ್ರಾಂ ಮೀರಬಾರದು ಅಂತ ನಿಯಮ ಇದೆ. ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ, ಮೆಡ್ಜೂಲ್‌ನಲ್ಲಂತೂ 100 ಗ್ರಾಂಗೆ ಸುಮಾರು 66 ಗ್ರಾಂ. ಒಂದು ದಪ್ಪ ಮೆಡ್ಜೂಲ್ ಖರ್ಜೂರದಲ್ಲಿ ಮೂರು ನಾಲ್ಕು ಚಮಚ ಸಕ್ಕರೆಯಷ್ಟು ಸಿಹಿ ಇರುತ್ತದೆ. ನಾರು, ಪೊಟ್ಯಾಸಿಯಂ ಎಲ್ಲ ಇದೆ, ಒಪ್ಪಿದೆ. ಆದರೆ ಚೀಟಿ ನಂಬಿ ವಯಸ್ಸಾದವರು ಮೂರು ಉಂಡೆ ತಿಂದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಅಲ್ವಾ? ಬೆಲ್ಲದ್ದೂ ಅದೇ ಕತೆ. ರಾಗಿ ಅಂದರೆ ಎಷ್ಟು ತಿಂದರೂ ಆಗುತ್ತೆ ಅನ್ನುವ ನಂಬಿಕೆಯೂ ಬೇಡ. ಅರಳಿಸಿ ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ, ಮುದ್ದೆಗೆ ಹೇಳುವ ಲೆಕ್ಕ ಇದಕ್ಕೆ ಹೇಳಲು ಆಗುವುದಿಲ್ಲ.

ಅಪ್ಪನಿಗೆ ಅಳತೆ ತಿರುಗಿಸುತ್ತೇನೆ. ಹುರಿಹಿಟ್ಟು ಅರ್ಧ ಲೋಟ, ಹುರಿದ ಶೇಂಗಾ ಒಂದು ಲೋಟ, ಎಳ್ಳು, ಹುರಿದ ಅಗಸೆ ಬೀಜದ ಪುಡಿ, ಖರ್ಜೂರ ಮೂರೋ ನಾಲ್ಕೋ ಅಷ್ಟೇ. ಶೇಂಗಾ ಮಿಕ್ಸಿಯಲ್ಲಿ ಎಣ್ಣೆ ಬಿಡುವವರೆಗೆ ತಿರುಗಿಸಿದರೆ ಆ ಎಣ್ಣೆಯೇ ಉಂಡೆ ಹಿಡಿದುಕೊಳ್ಳುತ್ತದೆ, ಸಿಹಿಯ ಅಂಟು ಬೇಕಾಗುವುದಿಲ್ಲ. ಸಣ್ಣ ನಿಂಬೆಹಣ್ಣಿನ ಗಾತ್ರಕ್ಕಿಂತ ಚಿಕ್ಕದು, ದಿನಕ್ಕೆ ಒಂದು, ಅದೂ ಸಂಜೆ ಬಿಸ್ಕತ್ತಿನ ಬದಲಿಗೆ, ಜೊತೆಗಲ್ಲ. ಅವರ ಡಾಕ್ಟರಿಗೆ ಅಳತೆ ತೋರಿಸಿಯೇ ಶುರು ಮಾಡಿದ್ದು.

ಕಿಡ್ನಿ ತೊಂದರೆ ಇರುವವರಿಗೆ, ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಹೇಳಿಸಿಕೊಂಡವರಿಗೆ ಈ ಉಂಡೆ ಯಾವುದೂ ಬೇಡ. ಖರ್ಜೂರ, ಕೊಬ್ಬರಿ, ಎಳ್ಳು, ಶೇಂಗಾ ಎಲ್ಲದರಲ್ಲೂ ಅದು ಜಾಸ್ತಿ. ಆರೋಗ್ಯಕ್ಕೆ ಒಳ್ಳೆಯದು ಅಂತ ಪ್ರೀತಿಯಿಂದ ತೆಗೆದುಕೊಂಡು ಹೋಗಿ ಕೊಡುವ ಮುಂಚೆ ಒಂದು ಮಾತು ಕೇಳಿ. ವರ್ಷ ತುಂಬದ ಮಗುವಿಗೆ ಕೊಡುವ ಯಾವುದಕ್ಕೂ ಜೇನುತುಪ್ಪ ಸೇರಿಸಬೇಡಿ.

ಬೆಲೆ ಅರ್ಧ ಕೆಜಿಗೆ ನೂರು ರೂಪಾಯಿ ಆಸುಪಾಸು, ಈ ಗುಣಮಟ್ಟಕ್ಕೆ ಮೋಸವಿಲ್ಲ. ಹಿಟ್ಟಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ರೆಡಿ ಉಂಡೆಗೆ ಎರಡು, ಆ ಚೀಟಿ ತೆಗೆದರೆ ಮೂರೂವರೆ, ರುಚಿಯಲ್ಲಿ ಕೊರತೆ ಇಲ್ಲ. ಪ್ಯಾಕೆಟ್ ಮೇಲೆ ಮಾಡಿದ ತಾರೀಖಿನ ಸೀಲ್ ಕೆಲವು ಸಲ ಮಸುಕಾಗಿರುತ್ತದೆ. ಓದಲು ಆಗದಿದ್ದರೆ ಒಳಗಿಂದ ಬೇರೆ ಕೊಡಿ ಅಂತ ಕೇಳಿ, ಬೇಜಾರಿಲ್ಲದೆ ಕೊಡುತ್ತಾರೆ. ತಂದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಾಗಿ ಮುಚ್ಚಿ, ಒಣ ಚಮಚ ಮಾತ್ರ ಬಳಸಿ. ಮಳೆಗಾಲದಲ್ಲಿ ಕಾಲು ಕೆಜಿ ಕೇಳಿದರೂ ಕಟ್ಟಿಕೊಡುತ್ತಾರೆ.