ಮನೆಯ ತೆಂಗಿನೆಣ್ಣೆ ಸಾಬೂನಿನಲ್ಲಿ ಹಲ್ಲುಜ್ಜುತ್ತ ನಾಲ್ಕೂವರೆ ವರ್ಷ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ, ನಮ್ಮದೇ ತೋಟದ ತೆಂಗಿನಕಾಯಿಯ ಎಣ್ಣೆಯಿಂದ ಮಾಡಿದ ಸಾಬೂನಿನಲ್ಲಿ ನಾನು ಹಲ್ಲುಜ್ಜಲು ಆರಂಭಿಸಿದ್ದು 2021ರ ಜನವರಿಯಲ್ಲಿ. ಮೊದಲ ಎರಡು ವರ್ಷ ಬೆಳಗ್ಗೆ, ರಾತ್ರಿ ಎರಡು ಹೊತ್ತೂ ಅದನ್ನೇ ಬಳಸಿದೆ. ಆಮೇಲೆ, ಮುಂದೆ ಹೇಳಲಿರುವ ಕಾರಣಕ್ಕೆ, ಬೆಳಗಿನ ಹೊತ್ತಿಗೆ ಮಾತ್ರ ಉಳಿಸಿಕೊಂಡೆ. ಒಂದೆರಡು ತಿಂಗಳು ಬಳಸಿದವರು ಉತ್ಸಾಹದಲ್ಲಿ ಹೇಳಿದ್ದನ್ನು ನಂಬಿ ನಾನು ಇದಕ್ಕೆ ಕೈಹಾಕಿದ್ದರಿಂದ, ಇಷ್ಟು ಕಾಲದ ಬಳಿಕ ಆ ಮಾತುಗಳಲ್ಲಿ ನಿಜವಾಗಿ ಉಳಿದದ್ದೇನು ಎಂಬುದನ್ನು ಬರೆದಿಡುವುದು ಅಗತ್ಯವೆನಿಸಿತು.

ಪೇಸ್ಟ್ ಬಿಡಲು ನನಗಿದ್ದ ಮೊದಲ ಕಾರಣ ಬಾಯಿಹುಣ್ಣು. ತಿಂಗಳಿಗೊಮ್ಮೆಯಾದರೂ ಕೆನ್ನೆಯ ಒಳಬದಿಯಲ್ಲೋ ನಾಲಗೆಯ ಅಂಚಿನಲ್ಲೋ ಬಿಳಿಯ ಹುಣ್ಣೆದ್ದು, ನಾಲ್ಕೈದು ದಿನ ಸಾರನ್ನೂ ಉಪ್ಪಿನಕಾಯಿಯನ್ನೂ ಮುಟ್ಟಲಾಗದೆ ಮಜ್ಜಿಗೆ ಅನ್ನದಲ್ಲೇ ಕಳೆಯಬೇಕಾಗುತ್ತಿತ್ತು. ಇನ್ನೊಂದು ಕಾರಣ ನಮ್ಮ ಊರಿಗೇ ಸಂಬಂಧಿಸಿದ್ದು. ಇಲ್ಲಿನ ಗೇರುತೋಟಗಳ ಮೇಲೆ 2000ದ ವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದುದನ್ನೂ, ಎಣ್ಮಕಜೆಯಂಥ ಗ್ರಾಮಗಳ ಮನೆಗಳು ಅದರ ನೋವನ್ನು ಇಂದಿಗೂ ಅನುಭವಿಸುತ್ತಿರುವುದನ್ನೂ ಹತ್ತಿರದಿಂದ ಕಂಡು ಬೆಳೆದವರಿಗೆ, ‘ಇದರಿಂದ ಏನೂ ಆಗದು’ ಎಂಬ ಭರವಸೆ ಸುಲಭವಾಗಿ ಗಂಟಲಿನಿಂದ ಇಳಿಯುವುದಿಲ್ಲ. ಪೇಸ್ಟಿನ ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವಾಗ ಆ ಅಪನಂಬಿಕೆಯೇ ನನ್ನಲ್ಲಿ ಕೆಲಸ ಮಾಡಿತು. ಊರಿನ ಮಟ್ಟಿಗೆ ಅದು ನ್ಯಾಯವಾದದ್ದೇ. ಹಲ್ಲಿನ ಮಟ್ಟಿಗೆ ಅದು ನನ್ನನ್ನು ಅರ್ಧ ದಾರಿ ತಪ್ಪಿಸಿತು.

ಹಲ್ಲಿಗೆ ಸಾಬೂನೆಂದರೆ ಕೇಳಿದವರು ಮುಖ ಸಿಂಡರಿಸುತ್ತಾರೆ. ಆದರೆ ಕಾರ್ಖಾನೆಯ ಹಲ್ಲುಪುಡಿ, ಪೇಸ್ಟುಗಳಲ್ಲಿಯೇ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ನೊರೆಗಾಗಿ ಸಾಬೂನನ್ನು ಸೇರಿಸುವ ರೂಢಿಯಿತ್ತು; ಎರಡನೆಯ ಮಹಾಯುದ್ಧದ ಬಳಿಕ ಆ ಜಾಗವನ್ನು ಸೋಡಿಯಂ ಲಾರಿಲ್ ಸಲ್ಫೇಟಿನಂಥ ವಸ್ತುಗಳು ತೆಗೆದುಕೊಂಡವು. ನಮ್ಮ ಹಿರಿಯರು ಇವೆರಡನ್ನೂ ನೆಚ್ಚಿಕೊಂಡವರಲ್ಲ. ಅಜ್ಜ ಹಣ್ಣಾದ ಮಾವಿನೆಲೆಯನ್ನು ಮಡಚಿ ಉಜ್ಜುತ್ತಿದ್ದರು. ಅಜ್ಜಿ ಉಮಿಕರಿಗೆ, ಎಂದರೆ ಸುಟ್ಟ ಭತ್ತದ ಹೊಟ್ಟಿನ ಪುಡಿಗೆ, ಚಿಟಿಕೆ ಉಪ್ಪು ಬೆರೆಸಿ ಬೆರಳಿನಲ್ಲಿ ತಿಕ್ಕುತ್ತಿದ್ದರು. ಮಾವಿನ ಹಣ್ಣೆಲೆಯಿಂದ ಉಜ್ಜಿದರೆ ಹುಳುಕು ಹಲ್ಲೂ ನವರತ್ನವಾದೀತು ಎಂಬ ಅರ್ಥದ ಮಾತು ಮಲಯಾಳದಲ್ಲಿದೆ. ಉಮಿಕರಿಯನ್ನು ನಾನೂ ಒಂದು ವಾರ ಬಳಸಿ ನೋಡಿ ಬಿಟ್ಟೆ. ಭತ್ತದ ಉಮಿಯಲ್ಲಿ ಸಿಲಿಕಾ ಬಹಳವಿರುವುದರಿಂದ ಅದು ಕಲೆಯನ್ನು ತೆಗೆಯುವಂತೆಯೇ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲನ್ನೂ ಸವೆಸುತ್ತದೆ. ಅಜ್ಜಿಯ ಹಲ್ಲುಗಳು ಕೊನೆಯವರೆಗೆ ಉಳಿದಿದ್ದವು ನಿಜ, ಆದರೆ ಬುಡದಲ್ಲಿ ಸವೆದು, ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿದ್ದವು.

ತಯಾರಿಯ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬಾಯಿಗೆ ಹಾಕುವ ಸಾಬೂನಿನಲ್ಲಿ ಅಂದಾಜಿಗೆ ಎಡೆಯಿಲ್ಲ. ನಾನು 500 ಗ್ರಾಂ ತೆಂಗಿನೆಣ್ಣೆಗೆ 85 ಗ್ರಾಂ ಕಾಸ್ಟಿಕ್ ಸೋಡಾ, 190 ಗ್ರಾಂ ನೀರು ಬಳಸುತ್ತೇನೆ. ಅಷ್ಟು ಎಣ್ಣೆ ಪೂರ್ತಿಯಾಗಿ ಸಾಬೂನಾಗಲು ಸುಮಾರು 91 ಗ್ರಾಂ ಸೋಡಾ ಬೇಕು. ಆರು ಗ್ರಾಂ ಕಡಿಮೆ ಹಾಕಿದರೆ ಸ್ವಲ್ಪ ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ, ಸುಡುವ ಸೋಡಾ ಮಿಗುವುದಿಲ್ಲ. ಎಲ್ಲವನ್ನೂ, ನೀರನ್ನು ಕೂಡ, ಲೋಟದಲ್ಲಿ ಅಳೆಯದೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಬೇಕು. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾದ ಮೇಲೆ ಸುರಿಯಬಾರದು. ಸುರಿದರೆ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯಬಹುದು. ಅಲ್ಯುಮಿನಿಯಂ ಪಾತ್ರೆಯನ್ನು ಸೋಡಾ ತಿಂದು ಹೈಡ್ರೋಜನ್ ಅನಿಲವನ್ನು ಹೊರಡಿಸುವುದರಿಂದ ಸ್ಟೀಲಿನ ಪಾತ್ರೆಯೇ ಆಗಬೇಕು. ಚರಂಡಿ ಕಟ್ಟಿದ್ದನ್ನು ಬಿಡಿಸಲು ಮಾರುವ ಪುಡಿಗಳಲ್ಲಿ ಬೇರೆ ವಸ್ತುಗಳೂ ಬೆರೆತಿರಬಹುದಾದ್ದರಿಂದ ಅವು ಕೂಡದು. ಕೊಬ್ಬರಿ ಅಂಗಳದ ಬಿಸಿಲಿನಲ್ಲಿ ಒಣಗಿದ್ದಿರಬೇಕು, ಗಂಧಕದ ಹೊಗೆ ಹಾಕಿದ್ದಲ್ಲ. ಮಗಳು ಶಾಲೆಗೆ ಹೋದ ಬಳಿಕ, ಕನ್ನಡಕ ಮತ್ತು ಕೈಗವಸು ಹಾಕಿಕೊಂಡು, ಹಿಂಬದಿಯ ಜಗಲಿಯಲ್ಲಿ ಈ ಕೆಲಸ ಮಾಡುತ್ತೇನೆ. ಬೆಳಗ್ಗೆ ಅಚ್ಚಿಗೆ ಸುರಿದದ್ದನ್ನು ಸಂಜೆಯೊಳಗೆ ತುಂಡು ಮಾಡಬೇಕು. ತೆಂಗಿನೆಣ್ಣೆಯ ಸಾಬೂನು ಬೇಗ ಕಲ್ಲಿನಂತಾಗುತ್ತದೆ, ಮರುದಿನಕ್ಕೆ ಬಿಟ್ಟರೆ ಕತ್ತಿ ಇಟ್ಟಲ್ಲೆಲ್ಲ ಒಡೆಯುತ್ತದೆ.

ಆಮೇಲೆ ಆರು ವಾರ ಗಾಳಿಯಾಡುವಲ್ಲಿ ಇಟ್ಟು, ಒದ್ದೆ ಮಾಡಿ, ಹುಳಿ-ಕ್ಷಾರವನ್ನು ಬಣ್ಣದಲ್ಲಿ ತೋರಿಸುವ ಪಿಎಚ್ ಪಟ್ಟಿಯನ್ನು ಒತ್ತಿ ನೋಡುತ್ತೇನೆ. ಅಂಕಿ ಏರಿದಷ್ಟೂ ಕ್ಷಾರ ಹೆಚ್ಚು. 9 ಅಥವಾ 10 ಬಂದರೆ ಬಳಸಬಹುದು. 2022ರಲ್ಲಿ ಒಮ್ಮೆ ತಕ್ಕಡಿಯ ಬ್ಯಾಟರಿ ಸೋತು ತೂಕ ತಪ್ಪಿದ್ದು ನನ್ನ ಗಮನಕ್ಕೆ ಬರಲಿಲ್ಲ. ಪಟ್ಟಿ 12ರ ಹತ್ತಿರದ ಬಣ್ಣ ತೋರಿಸಿತು. ಸಾಬೂನನ್ನು ನಾಲಗೆಯ ತುದಿಗೆ ತಾಗಿಸಿ ಪರೀಕ್ಷಿಸುವವರಿದ್ದಾರೆ. ಆ ದಿನ ನಾನು ಹಾಗೆ ಮಾಡಿದ್ದರೆ ನಾಲಗೆ ಸುಡುತ್ತಿತ್ತು. ಆ ಅಚ್ಚಿನ ಎಂಟೂ ತುಂಡುಗಳು ಕೈಗವಸು ಹಾಕಿ ಬಚ್ಚಲಿನ ನೆಲ ತಿಕ್ಕಲು ಹೋದವು. ಪರಿಮಳಕ್ಕೆಂದು ಲವಂಗದ ಎಣ್ಣೆ ಸೇರಿಸಿದ್ದೂ ಒಂದೇ ಸಲ. ವಸಡು ಉರಿಯಿತು, ಮತ್ತೆ ಅದರ ಗೊಡವೆಗೆ ಹೋಗಿಲ್ಲ.

ಬಳಸುವ ಕ್ರಮ ಸರಳ. ಒದ್ದೆ ಬ್ರಷ್ಷನ್ನು ತುಂಡಿನ ಮೇಲೆ ಎರಡು ಸಲ ಎಳೆದು, ಎರಡು ನಿಮಿಷ ಉಜ್ಜಿ, ಉಗಿದು, ಬಾಯಿ ಮುಕ್ಕಳಿಸಬೇಕು. ಮೂರನೆಯ ಸಲ ಎಳೆದರೆ ನೊರೆ ಬಾಯಿ ಮೀರುತ್ತದೆ. ರುಚಿಯ ಬಗ್ಗೆ ಸತ್ಯವನ್ನೇ ಹೇಳಬೇಕು: ಅದು ಸಾಬೂನಿನ ರುಚಿಯೇ. ಮೊದಲ ವಾರ ಹೊಟ್ಟೆ ತೊಳಸಿತು, ಒಂದು ತಿಂಗಳಿನಲ್ಲಿ ನಾಲಗೆ ಒಗ್ಗಿಕೊಂಡಿತು, ಆದರೆ ಅದು ಇಷ್ಟವಾಗುವ ರುಚಿಯಾಗಿ ಎಂದೂ ಬದಲಾಗಲಿಲ್ಲ. ಉಜ್ಜಿದ ಮೇಲೆ ಹಲ್ಲಿನ ಮೇಲೆ ನಾಲಗೆ ಆಡಿಸಿದರೆ ಸಿಗುವ ನುಣುಪು ಮಾತ್ರ ಪೇಸ್ಟಿನಲ್ಲಿ ನನಗೆ ಸಿಕ್ಕಿರಲಿಲ್ಲ, ಮಧ್ಯಾಹ್ನದವರೆಗೂ ಬಾಯಿ ಹಗುರವಾಗಿರುತ್ತದೆ. ಇದರಲ್ಲಿ ನೀರಿನ ಪಾಲೂ ಇದೆ. ನಮ್ಮ ಮನೆಗೆ ಗುಡ್ಡದ ಕೆಂಪುಕಲ್ಲಿನಲ್ಲಿ ಅಡ್ಡಲಾಗಿ ಕೊರೆದ ಸುರಂಗದ ನೀರು ಬರುತ್ತದೆ. ಅದು ಮೆದು ನೀರಾದ್ದರಿಂದ ಸಾಬೂನು ಚೆನ್ನಾಗಿ ಕರಗಿ ಪೂರ್ತಿಯಾಗಿ ತೊಳೆದುಹೋಗುತ್ತದೆ. ತುಮಕೂರು ಜಿಲ್ಲೆಯಲ್ಲಿರುವ ನಾದಿನಿಯ ಮನೆಯಲ್ಲಿ ಇದೇ ತುಂಡನ್ನು ಕೊಳವೆಬಾವಿಯ ನೀರಿನಲ್ಲಿ ಬಳಸಿದಾಗ ನೊರೆಯೇ ಏಳಲಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನೊಡನೆ ಸೇರಿ ಅಂಟಂಟಾದ ಬಿಳಿಯ ಜಿಡ್ಡು ಹಲ್ಲಿನ ಸಂದಿಯಲ್ಲಿ ಕುಳಿತಿತು. ಅಂಥ ನೀರಿನ ಊರಿನವರಿಗೆ ಇದನ್ನು ನಾನು ಹೇಳಲಾರೆ.

ಬಾಯಿಹುಣ್ಣಿನ ವಿಷಯದಲ್ಲಿ ಫಲ ನನ್ನ ನಿರೀಕ್ಷೆಯನ್ನು ಮೀರಿತು. ಮೂರನೆಯ ತಿಂಗಳಿನಿಂದಾಚೆಗೆ ಎರಡು ವರ್ಷದಲ್ಲಿ ಹುಣ್ಣಾದದ್ದು ಎರಡೇ ಸಲ. ಇದು ಸಾಬೂನಿನ ಮಹಿಮೆಯೆಂದು ಆಗ ನಾನು ಬಂಧುಗಳೆಲ್ಲರಿಗೂ ಹೇಳಿದೆ. ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರಲ್ಲಿ ಬಾಯಿಹುಣ್ಣನ್ನು ಹೆಚ್ಚಿಸುತ್ತದೆ ಎಂದು ಕೆಲವು ಅಧ್ಯಯನಗಳು ಸೂಚಿಸಿವೆ, ಎಲ್ಲ ಅಧ್ಯಯನಗಳೂ ಹಾಗೆ ಹೇಳಿಲ್ಲ. ಆ ವಸ್ತುವಿಲ್ಲದ ಪೇಸ್ಟುಗಳೂ ಅಂಗಡಿಯಲ್ಲಿ ಸಿಗುತ್ತವೆ ಎಂದು ತಿಳಿದ ಮೇಲೆ, 2023ರಲ್ಲಿ ಸಾಬೂನನ್ನು ಬಿಟ್ಟು ಮೂರು ತಿಂಗಳು ಅಂಥದ್ದೊಂದನ್ನೇ ಎರಡು ಹೊತ್ತೂ ಬಳಸಿ ನೋಡಿದೆ. ಆಗಲೂ ಹುಣ್ಣಾಗಲಿಲ್ಲ. ಎಂದರೆ ನನ್ನ ಬಾಯಿಗೆ ಹಿತವಾದದ್ದು ಸಾಬೂನು ಎನ್ನುವುದಕ್ಕಿಂತ, ಹಳೆಯ ಪೇಸ್ಟಿನಲ್ಲಿದ್ದ ಆ ಒಂದು ವಸ್ತು ಇಲ್ಲದಿರುವುದು ಎಂದೇ ಹೇಳಬೇಕು. ಆ ಲಾರಿಲ್ ಕೂಡ ಹೆಚ್ಚಾಗಿ ತೆಂಗಿನೆಣ್ಣೆ ಅಥವಾ ತಾಳೆಬೀಜದ ಎಣ್ಣೆಯಿಂದಲೇ ಬರುತ್ತದೆ ಎಂಬುದು ತಿಳಿದಾಗ, ‘ನೈಸರ್ಗಿಕ’ ಎಂಬ ಮಾತನ್ನು ನಾನು ಎಷ್ಟು ಸಡಿಲವಾಗಿ ಬಳಸುತ್ತಿದ್ದೆನೆಂದು ಅರಿವಾಯಿತು.

ಈಗ ಮನಸ್ಸಿಗೆ ಕಷ್ಟವಾದರೂ ಹೇಳಲೇಬೇಕಾದದ್ದು. ಪೇಸ್ಟಿನಲ್ಲಿರುವ ಗ್ಲಿಸರಿನ್ ಹಲ್ಲಿನ ಮೇಲೆ ಪೊರೆಯಂತೆ ಕುಳಿತು ಎನಾಮಲ್ ಮತ್ತೆ ಗಟ್ಟಿಯಾಗುವುದನ್ನು ತಡೆಯುತ್ತದೆ, ಸಾಬೂನಿನಲ್ಲಿ ಉಜ್ಜಿದರೆ ಹಲ್ಲು ತಾನಾಗಿ ಗುಣವಾಗುತ್ತದೆ ಎಂಬ ಮಾತು ಸಾಬೂನಿನ ಪರವಾಗಿ ಎಲ್ಲೆಡೆ ಕೇಳಿಬರುತ್ತದೆ. ನಾನದನ್ನು ನಂಬಿದೆ, ಆರು ವರ್ಷದ ಮಗಳಿಗೂ ಸಾಬೂನನ್ನೇ ಕೊಟ್ಟೆ. ಆದರೆ ಗ್ಲಿಸರಿನ್ ನೀರಿನಲ್ಲಿ ಸಲೀಸಾಗಿ ಕರಗಿಹೋಗುವ ವಸ್ತು. ಅದಕ್ಕಿಂತ ಮುಖ್ಯವಾಗಿ, ಎಣ್ಣೆಗೆ ಸೋಡಾ ಸೇರಿದಾಗ ಸಾಬೂನಿನ ಜತೆಯಲ್ಲಿ ಹುಟ್ಟುವುದೇ ಗ್ಲಿಸರಿನ್. ಕಾರ್ಖಾನೆಯವರು ಅದನ್ನು ಬೇರ್ಪಡಿಸಿ ತೆಗೆಯಬಹುದು, ಮನೆಯ ಸಾಬೂನಿನಲ್ಲಿ ಅದು ಪೂರ್ತಿಯಾಗಿ ಉಳಿದಿರುತ್ತದೆ. ನನ್ನ ಕೈಯಾರೆ ಮಾಡುತ್ತಿದ್ದ ವಸ್ತುವಿನಲ್ಲೇ ಇದ್ದುದನ್ನು ನಾನು ಪೇಸ್ಟಿನ ದೋಷವೆಂದು ಎಣಿಸಿದ್ದೆ.

ಹುಳುಕು ತಡೆಯಲೆಂದು ಪೇಸ್ಟಿಗೆ ಸೇರಿಸುವ ಫ್ಲೋರೈಡಿನ ಬಗ್ಗೆ ನನಗಿದ್ದ ಭಯಕ್ಕೂ ಒಂದು ಹಿನ್ನೆಲೆಯಿತ್ತು. ಪಾವಗಡದ ಕಡೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಕಂದುಗಟ್ಟಿದ ಹಲ್ಲುಗಳನ್ನು ನಾನು ನೋಡಿದ್ದೆ. ಕೇರಳದಲ್ಲೂ ಪಾಲಕ್ಕಾಡ್, ಆಲಪ್ಪುಳದ ಕೆಲವು ಭಾಗಗಳಲ್ಲಿ ಆ ತೊಂದರೆಯಿದೆ. ಆದರೆ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಸಂಕಟ. ಪೇಸ್ಟನ್ನು ನಾವು ನುಂಗುವುದಿಲ್ಲ, ಉಗಿಯುತ್ತೇವೆ. ಅದರಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು) ಮೀರಬಾರದೆಂಬ ನಿಯಮವೂ ನಮ್ಮ ದೇಶದಲ್ಲಿದೆ.

2022ರ ಡಿಸೆಂಬರಿನಲ್ಲಿ ಮಗಳು ಒಂದು ಬದಿಯಲ್ಲೇ ಜಗಿಯುತ್ತಿದ್ದುದನ್ನು ಕಂಡು ಮಂಗಳೂರಿನ ದಂತವೈದ್ಯೆಯೊಬ್ಬರ ಬಳಿಗೆ ಕರೆದೊಯ್ದೆವು. ಎರಡು ಹಾಲು ದವಡೆಹಲ್ಲುಗಳು ಹುಳುಕಾಗಿದ್ದವು. ಹೊಸತಾಗಿ ಬಂದ ದವಡೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿಯ ಮಚ್ಚೆಯಿತ್ತು. ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ ಅವರು ವಿವರಿಸಿದರು: ಸಿಹಿ ತಿಂದ ಮೇಲೆ ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದಾಗ ಎನಾಮಲಿನ ಖನಿಜ ಕರಗತೊಡಗುತ್ತದೆ, ಫ್ಲೋರೈಡ್ ಸೇರಿಕೊಂಡ ಎನಾಮಲ್ ಅದಕ್ಕಿಂತ ಹೆಚ್ಚಿನ ಹುಳಿಯನ್ನೂ ತಡೆದುಕೊಳ್ಳುತ್ತದೆ. ಸಾಬೂನಿನ ಕ್ಷಾರ ಆ ಹುಳಿಯನ್ನು ಉಜ್ಜಿದ ಹೊತ್ತಿಗೆ ಶಮನ ಮಾಡಬಹುದು, ಆದರೆ ಶಾಲೆಯಿಂದ ಬಂದು ಬೆಲ್ಲದ ಅವಲಕ್ಕಿಯನ್ನೋ ಬಿಸ್ಕತ್ತನ್ನೋ ತಿನ್ನುವ ಹೊತ್ತಿಗೆ ಅದರ ಕುರುಹೂ ಬಾಯಿಯಲ್ಲಿರುವುದಿಲ್ಲ. “ನೀವು ಹಲ್ಲನ್ನು ಚೆನ್ನಾಗಿಯೇ ತೊಳೆದಿದ್ದೀರಿ, ಆದರೆ ಕಾಯುವುದಕ್ಕೆ ಏನನ್ನೂ ಕೊಟ್ಟಿಲ್ಲ” ಎಂದರು. ಹುಳುಕಿಗೆ ಸಾಬೂನೇ ಕಾರಣವೆಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಸಿಹಿಯ ಪಾಲು ದೊಡ್ಡದೇ. ಆದರೂ ಆ ಮಗುವಿಗೆ ಸಿಗಬೇಕಾಗಿದ್ದ ರಕ್ಷಣೆಯನ್ನು ಎರಡು ವರ್ಷ ತಪ್ಪಿಸಿದವಳು ನಾನು ಎಂಬ ನೋವು ಇಂದಿಗೂ ಇದೆ.

ಆ ದಿನದಿಂದ ಮಗಳಿಗೆ ಎರಡು ಹೊತ್ತೂ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್. ನನಗೆ ಬೆಳಗ್ಗೆ ಸಾಬೂನು, ರಾತ್ರಿ ಲಾರಿಲ್ ಸಲ್ಫೇಟ್ ಇಲ್ಲದ, ಆದರೆ ಫ್ಲೋರೈಡ್ ಇರುವ ಪೇಸ್ಟ್. ರಾತ್ರಿ ಉಗಿದ ಮೇಲೆ ನೀರಿನಲ್ಲಿ ಮುಕ್ಕಳಿಸುವುದನ್ನು ಬಿಟ್ಟಿದ್ದೇನೆ.

ಕಲೆಯ ಮಟ್ಟಿಗೆ ಸಾಬೂನು ಕೈಲಾಗದ್ದು. ಪೇಸ್ಟಿನಲ್ಲಿ ಸುಣ್ಣದ ಪುಡಿಯಂಥದ್ದೋ ಸಿಲಿಕಾವೋ ಇದ್ದು ನಯವಾಗಿ ಉಜ್ಜಿ ತೆಗೆಯುತ್ತದೆ. ಸಾಬೂನಿನಲ್ಲಿ ಅಂಥದ್ದೇನೂ ಇಲ್ಲ. ಒಂದೂವರೆ ವರ್ಷದಲ್ಲಿ ನನ್ನ ಕೆಳದವಡೆಯ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಕಾಫಿಯ ಕಲೆ ಎದ್ದು ಕಾಣತೊಡಗಿತು. ಎಲೆಯಡಿಕೆ ಹಾಕುವ ಮಾವನವರು ಒಂದು ತಿಂಗಳು ಬಳಸಿ, ಹಲ್ಲಿನ ಕೆಂಪು ಎಳ್ಳಷ್ಟೂ ಇಳಿಯದಿದ್ದುದನ್ನು ಕಂಡು ತಮ್ಮ ಹಲ್ಲುಪುಡಿಗೆ ಮರಳಿದರು.

ಜೂನಿನಿಂದ ಸೆಪ್ಟೆಂಬರಿನವರೆಗೆ ಸಾಬೂನನ್ನು ಕಾಯುವುದೇ ಒಂದು ಕೆಲಸ. ಅದರಲ್ಲಿರುವ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಂಡು ತುಂಡು ಬೆವರುತ್ತದೆ, ಬಚ್ಚಲಲ್ಲಿಟ್ಟರೆ ಲೋಳೆಯಾಗುತ್ತದೆ. ತಳಕ್ಕೆ ತೂತು ಕೊರೆದ ತೆಂಗಿನ ಗೆರಟೆಯಲ್ಲಿಟ್ಟು ಒಲೆಯ ಮೇಲಿನ ಅಟ್ಟದ ಅಂಚಿನಲ್ಲಿ ಇಡುವುದು ನನಗೆ ಸರಿಬಂದ ಉಪಾಯ. ಹೊರಗಿನ ಕಟ್ಟೆಯ ಮೇಲೆ ಬಿಟ್ಟರೆ ಕಾಗೆ ಹೊತ್ತೊಯ್ಯುತ್ತದೆ. ಒಬ್ಬರ ತುಂಡನ್ನು ಇನ್ನೊಬ್ಬರು ಬಳಸಬಾರದು. ಬ್ರಷ್ಷಿನಂತೆಯೇ ಅದೂ ಅವರವರದ್ದು.

ಖರ್ಚಿನ ಲೆಕ್ಕ ಈಗ ಮೊದಲಿನಂತಿಲ್ಲ. ಅರ್ಧ ಕಿಲೋ ಎಣ್ಣೆಯಿಂದ, ಒಣಗಿದ ಬಳಿಕ, 80 ಗ್ರಾಮಿನ ಎಂಟು ತುಂಡುಗಳಾಗುತ್ತವೆ. ಒಂದು ಹೊತ್ತು ಮಾತ್ರ ಬಳಸಿದರೆ ಒಂದು ತುಂಡು ನನಗೆ ಆರು ತಿಂಗಳು ಬರುತ್ತದೆ. 2025ರ ಮಳೆಗಾಲದಲ್ಲಿ ಕೇರಳದಲ್ಲಿ ತೆಂಗಿನೆಣ್ಣೆಯ ಬೆಲೆ ಕಿಲೋಗೆ 400 ರೂಪಾಯಿ ದಾಟಿತ್ತು. ತೋಟವಿಲ್ಲದವರು ಎಣ್ಣೆ, ಸೋಡಾ, ತಕ್ಕಡಿ, ಪಟ್ಟಿಗಳನ್ನೆಲ್ಲ ಕೊಂಡು ಹಲ್ಲಿಗಾಗಿಯೇ ಇದನ್ನು ಮಾಡುವುದರಲ್ಲಿ ಉಳಿತಾಯವಿಲ್ಲ. ಬಾಯಿಹುಣ್ಣಿನ ಕಾಟದಿಂದ ಇದನ್ನು ವಿಚಾರಿಸುವವರಿಗೆ ನಾನೀಗ ಮೊದಲು ಹೇಳುವುದು, ಲಾರಿಲ್ ಸಲ್ಫೇಟ್ ಇಲ್ಲದ ಪೇಸ್ಟನ್ನು ಎರಡು ತಿಂಗಳು ಬಳಸಿ ನೋಡಿ ಎಂದು. ಅದರ ಮೇಲೂ ಸಾಬೂನು ಬೇಕೆಂದವರಿಗೆ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಕೊಡುತ್ತೇನೆ, ರಾತ್ರಿಗೆ ಪೇಸ್ಟ್ ಇರಲಿ ಎಂದು ಹೇಳಿಯೇ ಕೊಡುತ್ತೇನೆ. ಮಕ್ಕಳಿಗೆಂದು ಕೇಳಿದರೆ ಕೊಡುವುದಿಲ್ಲ.